ನೀರು ಬೀದಿಗಿಳಿಯುವ ಊರು

ಆಷಾಢದ ಮಳೆ ನಾಲ್ಕು ದಿನ ಬಿಡದೆ ಹಿಡಿಯಿತೆಂದರೆ, ಭಾಗಮಂಡಲದಲ್ಲಿ ಹೊಳೆ ಯಾವುದು, ದಾರಿ ಯಾವುದು ಎಂದು ಬೇರ್ಪಡಿಸಿ ತೋರಿಸುವುದು ಕಷ್ಟ. ತಲಕಾವೇರಿಯ ಕಡೆಯಿಂದ ಇಳಿದುಬಂದ ಕಾವೇರಿಯೂ, ಅವಳ ಜೊತೆಗಾತಿ ಕನ್ನಿಕೆಯೂ ಇಲ್ಲಿ ಒಂದಾಗುತ್ತಾರೆ. ಮೂರನೆಯವಳಾದ ಸುಜ್ಯೋತಿ ನೆಲದೊಳಗೇ ಬಂದು ಕೂಡುವಳೆಂಬುದು ಭಕ್ತರ ನಂಬಿಕೆ. ಬೇಸಗೆಯಲ್ಲಿ ಮಕ್ಕಳೂ ಮೊಳಕಾಲುದ್ದ ನೀರಿನಲ್ಲಿ ಆಡಿಕೊಂಡಿರುವ ಈ ಸಂಗಮ, ಮಳೆಗಾಲದಲ್ಲಿ ಸ್ನಾನಘಟ್ಟವನ್ನು ನುಂಗಿ, ಗದ್ದೆಗಳನ್ನು ನುಂಗಿ, ಮಡಿಕೇರಿಯ ಹಾದಿಯನ್ನೂ ನಾಪೋಕ್ಲಿನ ಹಾದಿಯನ್ನೂ ತನ್ನದಾಗಿಸಿಕೊಳ್ಳುತ್ತದೆ. ಮೋಟಾರುಗಳು ಓಡಾಡುತ್ತಿದ್ದ ರಸ್ತೆಯಲ್ಲಿ ದೋಣಿ ತೇಲುತ್ತದೆ. ಎಷ್ಟೋ ಮಳೆಗಾಲಗಳಲ್ಲಿ ಊರಿನವರು ಆಚೆ ಬದಿಗೆ ದಾಟಿದ್ದು ಹೀಗೆಯೇ.

ಈ ನೋಟವನ್ನು ಕಂಡ ಪ್ರವಾಸಿಗನಿಗೆ, ಸಚಿತ್ರ ಪತ್ರಿಕೆಗಳ ಪುಟಗಳಲ್ಲಿ ಕಂಡ ಥಾಯ್ಲೆಂಡಿನ ತೇಲುವ ಪೇಟೆ ನೆನಪಾದರೆ ಆಶ್ಚರ್ಯವಿಲ್ಲ. ಬ್ಯಾಂಕಾಕಿನಿಂದ ಸುಮಾರು 100 ಕಿಲೋಮೀಟರು ನೈರುತ್ಯಕ್ಕೆ, ಡಾಮ್ನೊನ್ ಸದುವಾಕ್ ಎಂಬಲ್ಲಿ, ತಾಳೆಗರಿಯ ಅಗಲವಾದ ಟೋಪಿ ಧರಿಸಿದ ಹೆಂಗಸರು ಕಿರುದೋಣಿಗಳಲ್ಲಿ ಹಣ್ಣು ತರಕಾರಿ ಹೇರಿಕೊಂಡು ಮಾರುತ್ತಾರೆ. ದೋಣಿಯಲ್ಲಿಯೇ ಒಲೆ ಹೂಡಿ ತಿಂಡಿ ಬೇಯಿಸಿಕೊಡುತ್ತಾರೆ. ಆ ಕಾಲುವೆ ದೇವರು ಕೊಟ್ಟದ್ದಲ್ಲ, ದೊರೆ ತೋಡಿಸಿದ್ದು. ಮೊಂಗ್‌ಕುಟ್ ದೊರೆಯ ಆಜ್ಞೆಯಂತೆ ಮೆಕ್ಲಾಂಗ್, ತಾಚೀನ್ ಎಂಬ ಎರಡು ನದಿಗಳನ್ನು ಜೋಡಿಸಲು ತೋಡಿದ ಈ 32 ಕಿಲೋಮೀಟರುಗಳ ನಾಲೆ 1868ರಲ್ಲಿ ಮುಗಿಯಿತು. ಸಮತಟ್ಟಾದ ನೆಲ, ನಿಧಾನದ ನೀರು, ದಂಡೆಯುದ್ದಕ್ಕೂ ತೋಟಗಳು: ನೀರೇ ಹೆದ್ದಾರಿಯಾದಲ್ಲಿ ಸಂತೆಯೂ ನೀರ ಮೇಲೆಯೇ ಕೂಡಿತು. ಮುಂದೆ ಡಾಂಬರು ರಸ್ತೆಗಳು ಬಂದವು. ವ್ಯಾಪಾರ ದಡ ಹತ್ತಿತು. ಈಗ ಅಲ್ಲಿಗೆ ಬರುವವರಲ್ಲಿ ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. ಸಮೀಪದ ಅಂಫವಾ ಎಂಬ ಊರಿನಲ್ಲಿ ನಿಂತುಹೋಗಿದ್ದ ತೇಲುವ ಪೇಟೆಯನ್ನು 2004ರಲ್ಲಿ ಮತ್ತೆ ಪ್ರಾರಂಭಿಸಿದ್ದೂ ಮುಖ್ಯವಾಗಿ ವಾರಾಂತ್ಯದ ವಿಹಾರಿಗಳಿಗಾಗಿ.

ಕೊಡಗಿನಲ್ಲಿ ಅಂಥ ಪೇಟೆ ಏಕೆ ಹುಟ್ಟಲಿಲ್ಲ? ಉತ್ತರವನ್ನು ಹೊಳೆಯೇ ಹೇಳುತ್ತದೆ. ಸಮುದ್ರಮಟ್ಟದಿಂದ ಸುಮಾರು 1,276 ಮೀಟರು ಎತ್ತರದ ತಲಕಾವೇರಿಗೂ ಭಾಗಮಂಡಲಕ್ಕೂ ನಡುವೆ ಇರುವ ಹಾದಿ ಬರಿಯ 8 ಕಿಲೋಮೀಟರು. ಅಷ್ಟು ಅವಸರದಲ್ಲಿ ಬೆಟ್ಟವಿಳಿದವಳ ಬೆನ್ನ ಮೇಲೆ ಬಾಳೆಗೊನೆ ಹೇರಿ ಕುಳಿತುಕೊಳ್ಳುವ ಧೈರ್ಯ ಯಾರಿಗಿದ್ದೀತು! ಬೇಸಗೆಯಲ್ಲಿ ದೋಣಿಗೆ ಸಾಲದಷ್ಟು ನೀರು, ಮಳೆಗಾಲದಲ್ಲಿ ದೋಣಿಯನ್ನು ಉಳಿಸದಷ್ಟು ನೀರು. ಆದ್ದರಿಂದ ಕೊಡಗಿನ ಗೃಹಿಣಿ ಹೊಳೆಯೊಡನೆ ಬೇರೆಯೇ ಒಪ್ಪಂದ ಮಾಡಿಕೊಂಡಳು. ಮುಂಗಾರಿಗೆ ಮೊದಲೇ ಸಂತೆಗೆ ಹೋಗಿ ಉಪ್ಪು, ಮೆಣಸಿನಕಾಯಿ, ಬೇಳೆ, ಒಣಮೀನುಗಳನ್ನು ತಂದು ಕೂಡಿಟ್ಟಳು. ಸೌದೆಯನ್ನು ಸೂರಿನಡಿ ಒಟ್ಟಿದಳು. ಮಳೆ ಹಿಡಿದ ಮೇಲೆ ಕಾಡೇ ಅವಳ ಅಂಗಡಿ: ಎಳೆಬಿದಿರಿನ ಕಣಿಲೆ, ಅಣಬೆ, ಕೆಸುವಿನ ಎಲೆ.

ಭಾಗಮಂಡಲದಲ್ಲಿ ನೀರು ಏರಿದಾಗಲೂ ನೋಡತಕ್ಕದ್ದು ಭಗಂಡೇಶ್ವರನ ದೇವಾಲಯ. ಮಲೆಯಾಳದ ಶೈಲಿಯಲ್ಲಿ ಇಳಿಜಾರು ಮಾಡುಗಳನ್ನು ಹೊದ್ದು, ಅಂಗಳದ ಸುತ್ತ ಈಶ್ವರ, ಸುಬ್ರಹ್ಮಣ್ಯ, ವಿಷ್ಣು, ಗಣಪತಿಯರ ಗುಡಿಗಳನ್ನಿರಿಸಿಕೊಂಡ ಈ ಆಲಯದ ಮರದ ಕೆತ್ತನೆಯನ್ನು ತಲೆಯೆತ್ತಿ ನಿಧಾನವಾಗಿ ನೋಡಬೇಕು. ಈ ಮೌನದ ಅಂಗಳ ಯುದ್ಧವನ್ನೂ ಕಂಡಿದೆ. ಟಿಪ್ಪು ಸುಲ್ತಾನನ ವಶದಲ್ಲಿದ್ದ ಭಾಗಮಂಡಲವನ್ನು ದೊಡ್ಡ ವೀರರಾಜೇಂದ್ರನು ಮುತ್ತಿಗೆ ಹಾಕಿ ಮರಳಿ ಪಡೆದದ್ದು 1790ರಲ್ಲಿ.

ಕೊಡಗಿನ ಹೊಳೆಗೂ ಒಂದು ಸಂತೆಯಿದೆ, ವರ್ಷಕ್ಕೊಮ್ಮೆ. ಅಕ್ಟೋಬರ್ 17ರ ಆಸುಪಾಸಿನಲ್ಲಿ ಸೂರ್ಯ ತುಲಾರಾಶಿಯನ್ನು ಪ್ರವೇಶಿಸುವ ಮುಹೂರ್ತದಲ್ಲಿ, ತಲಕಾವೇರಿಯ ಪುಟ್ಟ ಕುಂಡಿಕೆಯಲ್ಲಿ ತೀರ್ಥ ಉಕ್ಕುತ್ತದೆ. ಮುಹೂರ್ತ ಒಂದು ವರ್ಷ ನಡುರಾತ್ರಿ, ಇನ್ನೊಂದು ವರ್ಷ ಮುಂಜಾನೆ, ಮತ್ತೊಂದು ವರ್ಷ ನಡುಹಗಲು. ಭಕ್ತರು ಮಾತ್ರ ಯಾವ ಹೊತ್ತಿಗಾದರೂ ಸಿದ್ಧ. ಭಾಗಮಂಡಲದಲ್ಲಿ ಮಿಂದು, ಅಗಲಿದ ಹಿರಿಯರಿಗೆ ಪಿಂಡವಿಟ್ಟು, ಮಂಜು ಮುಸುಕಿದ ಹಾದಿಯಲ್ಲಿ ಬೆಟ್ಟವೇರುತ್ತಾರೆ. ಬಳೆ, ಆಟಿಕೆ, ಪುರಿ, ಸಿಹಿತಿಂಡಿಗಳ ಅಂಗಡಿಗಳು ಎಲ್ಲ ಜಾತ್ರೆಗಳಂತೆ ಇಲ್ಲಿಯೂ ಇವೆ. ಆದರೆ ಜನ ಮನೆಗೆ ಹೊತ್ತೊಯ್ಯಲು ಬಂದ ಸರಕು ನೀರು, ಅದಕ್ಕೆ ಚೌಕಾಸಿಯಿಲ್ಲ. ಅರ್ಚಕರು ಕುಂಡಿಕೆಯಿಂದ ಮೊಗೆದು ಎರಚುವ ಹನಿಗಳಿಗಾಗಿ ಸಾವಿರ ಕೈಗಳು ಒಟ್ಟಿಗೆ ಮೇಲೇಳುವ ಆ ಕ್ಷಣದಲ್ಲಿ, ನಂಬದವನೂ ಕೈ ಮುಂದೊಡ್ಡದೆ ಇರಲಾರ. ತಾಮ್ರ, ಹಿತ್ತಾಳೆಯ ಚೆಂಬುಗಳ ಜಾಗಕ್ಕೆ ಪ್ಲಾಸ್ಟಿಕ್ಕಿನ ಡಬ್ಬಿಗಳು ಬಂದಿರುವುದೊಂದೇ ಕಣ್ಣಿಗೆ ಚುಚ್ಚುತ್ತದೆ.

ಥಾಯ್ ಜನ ನದಿಯನ್ನು 'ಮೆ ನಾಮ್', ಅಂದರೆ 'ನೀರತಾಯಿ' ಎಂದು ಕರೆಯುತ್ತಾರೆ. ಕಾರ್ತಿಕದ ಹುಣ್ಣಿಮೆಯ ಸುಮಾರಿನಲ್ಲಿ ಬಾಳೆದಿಂಡಿನ ಪುಟ್ಟ ತೆಪ್ಪಗಳಲ್ಲಿ ದೀಪವಿಟ್ಟು 'ಮೆ ಖೊಂಗ್‌ಖಾ' ಎಂಬ ದೇವಿಗೆ ತೇಲಿಬಿಡುತ್ತಾರೆ. ಆ ಹೆಸರು ನಮ್ಮ ಗಂಗೆಯದೇ. ಕೊಡವರಿಗೂ ಕಾವೇರಿ ತಾಯಿ. ಸಂಕ್ರಮಣದ ಮರುದಿನ ಮನೆಮನೆಯಲ್ಲಿ 'ಕನ್ನಿ'ಯನ್ನು ಪೂಜಿಸುವಾಗ ದೇವಿಯ ವಿಗ್ರಹವಿರುವುದಿಲ್ಲ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂವಿಟ್ಟು, ಮನೆಯ ಹೆಣ್ಣುಮಕ್ಕಳ ಒಡವೆಯನ್ನು ತೊಡಿಸಿದರೆ ಅವಳೇ ಕಾವೇರಿ. ಮನೆಯವರೆಲ್ಲ ಅಕ್ಕಿಕಾಳು ಹಾಕಿ ನಮಸ್ಕರಿಸುತ್ತಾರೆ.

ಹೊಳೆಯ ಜಾಡು ಹಿಡಿದು ಕೆಳಗಿಳಿದರೆ ಬಲಮುರಿ. ಇಲ್ಲಿ ಕಣ್ವಮುನೀಶ್ವರ ಮತ್ತು ಅಗಸ್ತ್ಯೇಶ್ವರರ ಗುಡಿಗಳು ಎದುರುಬದುರು ದಂಡೆಗಳಲ್ಲಿ ನಿಂತಿವೆ. ಅಗಸ್ತ್ಯನ ಮೇಲೆ ಮುನಿದು ಹರಿದುಹೊರಟ ಕಾವೇರಿಯನ್ನು ಕೊಡಗಿನವರು ತಡೆಯಹೋದದ್ದು ಇಲ್ಲಿಯೇ ಎಂದು ಕಥೆ. ಅವಳು ನಿಲ್ಲದೆ ಬಲಕ್ಕೆ ತಿರುಗಿದಳು. ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು. ಇಂದಿಗೂ ಕೊಡವತಿಯರು ನೆರಿಗೆಯನ್ನು ಹಿಂದಕ್ಕೇ ಉಡುತ್ತಾರೆ. ಒಂದು ಪ್ರವಾಹದ ನೆನಪನ್ನು ಉಡುಪಿನಲ್ಲಿ ಕಾಪಾಡಿಕೊಂಡ ಜನ ಬೇರೆಲ್ಲಿದ್ದಾರೋ! ಇನ್ನೂ ಕೆಳಗೆ ಸಿದ್ದಾಪುರದ ಬಳಿ ಗುಹ್ಯದಲ್ಲಿ ಮತ್ತೊಬ್ಬ ಅಗಸ್ತ್ಯೇಶ್ವರ. ಕುಶಾಲನಗರವನ್ನು ದಾಟಿದ ಮೇಲೆ ಕಣಿವೆಯ ರಾಮಲಿಂಗೇಶ್ವರ. ಅಲ್ಲಿಯ ತೂಗುಸೇತುವೆಯ ನಡುವೆ ನಿಂತು ನೋಡಿದರೆ, ಭಾಗಮಂಡಲದ ಚಂಚಲೆ ಗಂಭೀರೆಯಾಗಿ ಮೈಸೂರು ಸೀಮೆಯತ್ತ ಹೊರಟಿರುವುದು ಕಾಣುತ್ತದೆ.

ಆದರೆ ತಾಯಿಯ ಮುನಿಸು ಪುರಾಣದಲ್ಲಿಯೇ ಉಳಿದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಹಲವು ಕಡೆ ಕುಸಿದವು. 2019ರಲ್ಲಿ ಗುಹ್ಯ, ಕರಡಿಗೋಡು, ನೆಲ್ಯಹುದಿಕೇರಿಗಳ ಹೊಳೆದಂಡೆಯ ಮನೆಗಳು ನೀರುಪಾಲಾದವು. ಅವುಗಳಲ್ಲಿ ತೋಟದ ಕೂಲಿಕಾರರ ಮನೆಗಳು ಎಷ್ಟೋ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿಯೇ ಬ್ರಹ್ಮಗಿರಿ ಜರಿದು, ಕಾವೇರಿಯ ಪೂಜೆಯನ್ನೇ ಬಾಳಾಗಿಸಿಕೊಂಡಿದ್ದ ಅರ್ಚಕರ ಮನೆ ಮಣ್ಣಿನಡಿ ಅಡಗಿತು, ಐವರು ಅಸುನೀಗಿದರು. ಆ ವರ್ಷದ ಅಕ್ಟೋಬರಿನಲ್ಲಿಯೂ ಮುಹೂರ್ತಕ್ಕೆ ತೀರ್ಥ ಉಕ್ಕಿತು. ಸಾಂಕ್ರಾಮಿಕದ ನಿರ್ಬಂಧದಿಂದಾಗಿ ಕುಂಡಿಕೆಯ ಸುತ್ತ ಎಂದಿನ ಜನಸಂದಣಿಯಿರಲಿಲ್ಲ. ಕುಸಿದ ಬೆಟ್ಟದ ಕೆಮ್ಮಣ್ಣಿನ ಗಾಯ ಮಾತ್ರ ಎದುರಿಗೇ ಇತ್ತು.

ಭಾಗಮಂಡಲದಲ್ಲಿ ಈಗ ಸಂಗಮದ ಬಳಿ ಮೇಲ್ಸೇತುವೆ ಎದ್ದಿದೆ. ರೋಗಿಗಳು, ಬಸುರಿಯರು, ಶಾಲೆಯ ಮಕ್ಕಳು ಇನ್ನು ದೋಣಿಗಾಗಿ ಮಳೆಯಲ್ಲಿ ನೆನೆಯುತ್ತ ಕಾಯಬೇಕಾಗಿಲ್ಲ. ರಸ್ತೆಯಲ್ಲಿ ತೇಲುವ ದೋಣಿಯ ಚಿತ್ರ ತಪ್ಪಿಹೋಯಿತೆಂದು ಕೊರಗುವವನು ಆ ದೋಣಿಯಲ್ಲಿ ಕುಳಿತವನಲ್ಲ. ಸೇತುವೆಯ ಕೆಳಗೆ ಹೊಳೆ ಹಿಂದಿನಂತೆಯೇ ಗದ್ದೆಗಳಿಗೆ ನುಗ್ಗುತ್ತದೆ, ಇಳಿಯುತ್ತದೆ. ತುಲಾಮಾಸ ಬಂದಾಗ ಜನ ಡಬ್ಬಿ ಚೆಂಬುಗಳನ್ನು ಹಿಡಿದು ಬೆಟ್ಟವೇರುತ್ತಾರೆ. ತಂದ ತೀರ್ಥದಲ್ಲಿ ನೆರೆಮನೆಗಳಿಗೆ, ಬರಲಾಗದೆ ಉಳಿದ ಮುದುಕರಿಗೆ ಹಂಚಿ, ಉಳಿದದ್ದನ್ನು ದೇವರ ಮೂಲೆಯಲ್ಲಿ ಮುಚ್ಚಿಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಕೊನೆಯ ಉಸಿರು ಬಂದಾಗ, ಬಾಯಿಗೆ ಬಿಡುವುದು ಅದರದೇ ಒಂದು ಹನಿ.