ಕೆರೆಗಳಲ್ಲಿ ಆಮ್ಲಜನಕದ ಕೊರತೆ ಮತ್ತು ಮೀನುಗಳ ಸಾವು: ಸಾರ್ವಜನಿಕರ ಮಾಹಿತಿಗಾಗಿ

ಕೆರೆಯಲ್ಲಿ ಮೀನುಗಳು ಒಮ್ಮೆಲೇ ಸತ್ತು ತೇಲಿದಾಗ ಯಾರೋ ನೀರಿಗೆ ವಿಷ ಬೆರೆಸಿರಬಹುದೆಂಬ ಸಂಶಯ ಮೂಡುವುದು ಸಹಜ. ಆದರೆ ಇಂತಹ ಬಹಳಷ್ಟು ಪ್ರಕರಣಗಳಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕದ ಕುಸಿತವೇ ಕಾರಣವಾಗಿರುತ್ತದೆ. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತ ಘಟನೆಯಲ್ಲಿಯೂ ಕೊಳಚೆ ನೀರು ಮತ್ತು ಆಮ್ಲಜನಕದ ಕೊರತೆಯ ವಿಷಯವೇ ಮುಖ್ಯವಾಗಿ ಚರ್ಚೆಗೆ ಬಂದಿತು.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ ಉಳಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ, ಮೀನುಗಾರಿಕೆಗೆ ಯೋಗ್ಯವಾದ ‘ಡಿ’ ದರ್ಜೆಯ ನೀರಿನಲ್ಲಿ ಈ ಪ್ರಮಾಣ 4 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಬೇಸಿಗೆಯಲ್ಲಿ ಇವೆರಡರ ನಡುವಿನ ಅಂತರ ಕಿರಿದಾಗುವುದರಿಂದ ಅಲ್ಪ ಪ್ರಮಾಣದ ಕೊಳಚೆಯೂ ಅಪಾಯಕ್ಕೆ ದಾರಿಯಾಗುತ್ತದೆ.

ಕೊಳಚೆಯಲ್ಲಿನ ಸಾವಯವ ವಸ್ತುಗಳನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಅದರೊಡನೆ ಬರುವ ಸಾರಜನಕ ಹಾಗೂ ರಂಜಕಗಳಿಂದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸುತ್ತದಾದರೂ, ರಾತ್ರಿ ಬೆಳಕಿಲ್ಲದಿರುವಾಗ ಉಸಿರಾಟಕ್ಕಾಗಿ ಅದನ್ನು ಬಳಸುತ್ತಲೇ ಇರುತ್ತದೆ. ಆದ್ದರಿಂದ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಆಮ್ಲಜನಕದ ಮಟ್ಟವು ಅತ್ಯಂತ ಕೆಳಗಿರುತ್ತದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುವುದು ಈ ಹೊತ್ತಿನಲ್ಲಿಯೇ. ಕಾಟ್ಲಾ, ರೋಹು ಮೊದಲಾದವು ಸಾಯುತ್ತಿದ್ದು, ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಕೊರವ ಮೀನುಗಳು ಬದುಕುಳಿದಿದ್ದರೆ ಅದು ಆಮ್ಲಜನಕದ ಕೊರತೆಯತ್ತ ಬೊಟ್ಟುಮಾಡುವ ಮಹತ್ವದ ಸುಳಿವು.

ಮಧ್ಯಾಹ್ನ ಸಂಗ್ರಹಿಸಿದ ಮಾದರಿಯು ಅದೇ ಕೆರೆಯ ನೀರನ್ನು ಉತ್ತಮವೆಂದು ತೋರಿಸಬಹುದು. ಹಸಿರುಗಟ್ಟಿದ ಕೆರೆಗಳ ಮಟ್ಟಿಗೆ ಇದು ಸಾಮಾನ್ಯ ಸಂಗತಿ. ಬಾಟಲಿಯಲ್ಲಿ ತುಂಬಿ ಕಚೇರಿಗೆ ತಂದುಕೊಡುವ ನೀರಿನಿಂದಲೂ ಸರಿಯಾದ ಅಳತೆ ದೊರೆಯುವುದಿಲ್ಲ; ಕರಗಿದ ಆಮ್ಲಜನಕವನ್ನು ಕೆರೆಯ ದಡದಲ್ಲಿಯೇ ಉಪಕರಣದಿಂದ ಅಳೆಯಬೇಕು ಅಥವಾ ಮಾದರಿಗೆ ಅಲ್ಲಿಯೇ ರಾಸಾಯನಿಕ ಸೇರಿಸಿ ಸ್ಥಿರಗೊಳಿಸಬೇಕು. ಜೈವಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆಯನ್ನು 27 ಡಿಗ್ರಿ ಉಷ್ಣಾಂಶದಲ್ಲಿ 3 ದಿನ ನಡೆಸಬೇಕಾಗಿರುವುದರಿಂದ ಅದರ ವರದಿಯನ್ನು ಅದೇ ದಿನ ನೀಡಲಾಗುವುದಿಲ್ಲ.

ಆದುದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅಥವಾ ಸ್ಥಳೀಯ ಸಂಸ್ಥೆಗೆ ದೂರು ಸಲ್ಲಿಸುವವರು ಮೀನುಗಳನ್ನು ಮೊದಲು ಕಂಡ ದಿನಾಂಕ ಮತ್ತು ವೇಳೆ, ನೀರಿನ ಬಣ್ಣ ಹಾಗೂ ವಾಸನೆ, ಹಿಂದಿನ ರಾತ್ರಿ ಮಳೆ ಬಂದಿತ್ತೇ ಎಂಬುದು, ಕೊಳಚೆ ಸೇರುತ್ತಿರುವ ಕಾಲುವೆ ಯಾವುದು ಎಂಬ ವಿವರಗಳನ್ನು ಛಾಯಾಚಿತ್ರದೊಂದಿಗೆ ನಮೂದಿಸುವುದು ಸೂಕ್ತ. ಬೇಸಿಗೆಯ ಮೊದಲ ಜೋರು ಮಳೆಯು ಚರಂಡಿಯ ಹೊಲಸನ್ನು ಕೆರೆಗೆ ತರುವುದಲ್ಲದೆ ತಳದ ಹೂಳನ್ನೂ ಕದಡುವುದರಿಂದ ಮಳೆಯ ಮಾಹಿತಿಯು ತನಿಖೆಗೆ ಬಹಳ ಉಪಯುಕ್ತ.

ಕಾರಂಜಿ ಅಥವಾ ಗಾಳಿಯೂಡುವ ಯಂತ್ರಗಳಿಂದ ತಾತ್ಕಾಲಿಕ ಉಪಶಮನ ದೊರೆಯುತ್ತದೆಯಾದರೂ ಕೊಳಚೆಯ ಹರಿವು ನಿಲ್ಲದ ಹೊರತು ಕೊರತೆ ಮರುಕಳಿಸುತ್ತದೆ. ಸತ್ತ ಮೀನುಗಳು ಕೊಳೆಯುವಾಗಲೂ ಆಮ್ಲಜನಕ ವ್ಯಯವಾಗುವುದರಿಂದ ಅವುಗಳನ್ನು ಶೀಘ್ರವಾಗಿ ತೆರವುಗೊಳಿಸಬೇಕು. ಪರೀಕ್ಷೆಗಾಗಿ ಕೆಲವನ್ನು ಮಂಜುಗಡ್ಡೆಯಲ್ಲಿ ಇರಿಸಬೇಕು. ಸಾವಿಗೆ ಕಾರಣ ಏನೇ ಇದ್ದರೂ ಇಂತಹ ಮೀನುಗಳನ್ನು ಆಹಾರಕ್ಕಾಗಿ ಬಳಸಬಾರದು, ಮಾರಾಟವನ್ನೂ ಮಾಡಬಾರದು.