ಕಿಲ್ಟ್: ಉಡುವ ಮುನ್ನ

ಕಳೆದ ವರ್ಷದ ಸ್ನೇಹಸಮ್ಮೇಳನದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬ ಕೆಂಪು ಚೌಕಳಿಯ ಕಿಲ್ಟ್ ಧರಿಸಿ ವೇದಿಕೆ ಏರಿದ. ‘ಪರಕರ ಉಟ್ಟ ಗಂಡಸು’ ಎಂದು ಯಾರೋ ಕೂಗಿದರು. ಸಭೆ ನಕ್ಕಿತು, ಅವನೂ ನಕ್ಕ. ಆ ಉಡುಗೆಯನ್ನು ತೊಟ್ಟವರಿಗೆ ಸೆರೆವಾಸ ವಿಧಿಸುವ ಕಾನೂನೊಂದು ಇತ್ತೆಂಬುದು ಅವನಿಗಾಗಲಿ ನಕ್ಕವರಿಗಾಗಲಿ ತಿಳಿದಿರಲಿಲ್ಲ.

‘ಕಿಲ್ಟ್’ ಎಂಬುದು ಸ್ಕಾಟ್ಸ್ ಭಾಷೆಯಲ್ಲಿ ಮೊದಲು ಕ್ರಿಯಾಪದ; ಉಟ್ಟ ಬಟ್ಟೆಯನ್ನು ಮೇಲೆತ್ತಿ ಕಟ್ಟುವುದೆಂದು ಅದರ ಅರ್ಥ. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ಸ್‌ನ ಗೇಲಿಕ್ ಭಾಷಿಕರು ಉದ್ದನೆಯ ಉಣ್ಣೆಬಟ್ಟೆಯನ್ನು ನಿರಿಗೆ ಹಿಡಿದು, ಸೊಂಟಕ್ಕೆ ಪಟ್ಟಿ ಬಿಗಿದು, ಉಳಿದುದನ್ನು ಹೆಗಲಿಗೆ ಹೊದೆಯುತ್ತಿದ್ದರು. ರಾತ್ರಿ ಅದೇ ಹೊದಿಕೆಯಾಗುತ್ತಿತ್ತು. (ನಿರಿಗೆ ಎಂದೊಡನೆ ಮರಾಠಿಯ ‘ನಿರ್ಯಾ’ ನನ್ನ ಕಿವಿಗೆ ಕೇಳಿಸುತ್ತದೆ, ಎರಡು ಭಾಷೆಗಳಲ್ಲಿ ಕಲಿತವನ ಪಾಡು ಇದು.) ಸೊಂಟದಿಂದ ಮೊಣಕಾಲಿನವರೆಗಷ್ಟೇ ಇರುವ ಇಂದಿನ ರೂಪ 18ನೆಯ ಶತಮಾನದ್ದು.

1746ರ ಏಪ್ರಿಲ್ 16ರಂದು ಕಲ್ಲೋಡನ್ ಯುದ್ಧದಲ್ಲಿ ಜಾಕೊಬೈಟ್ ಬಂಡಾಯಗಾರರು ಸೋತರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಉಡುಗೆಯನ್ನು ಪುರುಷರಿಗೂ ಬಾಲಕರಿಗೂ ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ರಾಜನ ಸೈನ್ಯ ಸೇರಿದವರಿಗೆ ಮಾತ್ರ ವಿನಾಯಿತಿ. ಮನೆಯಲ್ಲಿ ಉಟ್ಟರೆ ಅಪರಾಧವಾದದ್ದು ದಂಡಿನಲ್ಲಿ ಸಮವಸ್ತ್ರವಾಯಿತು. ಆ ಸಮವಸ್ತ್ರವೇ ಮುಂದೆ ಹೈಲ್ಯಾಂಡ್ ಪಡೆಗಳೊಡನೆ ಭಾರತಕ್ಕೂ ಬಂತು. 1857ರ ಲಖನೌ ಕಾಳಗದಲ್ಲಿ ಕಿಲ್ಟ್ ಧರಿಸಿದ ಸೈನಿಕರಿದ್ದರು.

ನಿಷೇಧ 1782ರಲ್ಲಿ ರದ್ದಾಯಿತು. ನಲವತ್ತು ವರ್ಷಗಳ ತರುವಾಯ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅದ್ಧೂರಿ ಸ್ವಾಗತ ಏರ್ಪಡಿಸಿದ. ದೊರೆಯೇ ಕಿಲ್ಟ್ ತೊಟ್ಟ. ಹೈಲ್ಯಾಂಡಿನವರನ್ನು ಅನಾಗರಿಕರೆಂದು ಕಾಣುತ್ತಿದ್ದ ಬಯಲುಸೀಮೆಯ ಸ್ಕಾಟರೂ ತೊಟ್ಟರು. ಅದೇ ಕಾಲದಲ್ಲಿ ಹೈಲ್ಯಾಂಡಿನ ಭೂಮಾಲೀಕರು ಕುರಿ ಸಾಕಣೆಗಾಗಿ ರೈತರನ್ನು ಊರಿಂದ ಒಕ್ಕಲೆಬ್ಬಿಸುತ್ತಿದ್ದರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಕುಲಕ್ಕೊಂದು ಟಾರ್ಟನ್ ಚೌಕಳಿ ಎಂಬ ವ್ಯವಸ್ಥೆಯೂ ಬಹುಮಟ್ಟಿಗೆ 19ನೆಯ ಶತಮಾನದಲ್ಲಿ ನೆಲೆಗೊಂಡಿತು. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಇದನ್ನು ನಿರ್ಮಿತ ಪರಂಪರೆಯೆಂದು ವಾದಿಸಿದ.

ಹಾಗಾದರೆ ಗೌರವಿಸುವುದಕ್ಕೇನಿದೆ ಎಂದು ನೀವು ಕೇಳಬಹುದು. ಆ ವಾದದ ವಿವರಗಳನ್ನು ನಾನು ಬಹುಪಾಲು ಒಪ್ಪುತ್ತೇನೆ, ಅದರ ವ್ಯಂಗ್ಯವನ್ನಲ್ಲ. ಮದುವೆಗೂ ಶವಯಾತ್ರೆಗೂ ತಲೆಮಾರುಗಳು ಉಟ್ಟುಬಂದ ಬಟ್ಟೆ, ಅದರ ಹುಟ್ಟು ಹೇಗೇ ಇರಲಿ, ಅವರದೇ.

ಅನ್ಯರು ಉಡಬಾರದೆಂದು ಸ್ಕಾಟರು ಸಾಮಾನ್ಯವಾಗಿ ಹೇಳುವುದಿಲ್ಲ. ಅತಿಥಿಗಳು ಬಾಡಿಗೆಯ ಕಿಲ್ಟ್ ತೊಟ್ಟು ಮದುವೆಗೆ ಹೋಗುವುದುಂಟು. 1970ರ ದಶಕದ ಪಂಕ್ ಯುವಕರು ಟಾರ್ಟನ್ನನ್ನು ಹರಿದು, ಪಿನ್ನು ಚುಚ್ಚಿ ತೊಟ್ಟರು. ಆದರೂ ಕೆಲವು ಮರ್ಯಾದೆಗಳಿವೆ. ನಿರಿಗೆಗಳು ಹಿಂದೆ, ಸಪಾಟು ಭಾಗ ಮುಂದೆ. ಮೇಲುಸೆರಗಿನ ಅಂಚು ಬಲಕ್ಕೆ. ಜೇಬಿಲ್ಲದ ಉಡುಗೆಯಾದ್ದರಿಂದ ಮುಂದೆ ಸ್ಪೋರನ್ ಎಂಬ ಚೀಲ ತೂಗುತ್ತದೆ. ಅದು ಬರಿಯ ಅಲಂಕಾರವಲ್ಲ. ಬಾಲ್ಮೋರಲ್ ಟಾರ್ಟನ್ ರಾಜಮನೆತನಕ್ಕೆ ಮೀಸಲು. ಕುಲಸಂಬಂಧವಿಲ್ಲದವರಿಗೆ ಎಲ್ಲರೂ ತೊಡಬಹುದಾದ ಟಾರ್ಟನ್‌ಗಳಿವೆ, ಹೊಸದನ್ನು ರಚಿಸಿ ನೋಂದಾಯಿಸಲು 2009ರಿಂದ ಸರ್ಕಾರಿ ದಾಖಲೆ ಪುಸ್ತಕವೂ ಇದೆ. ಉಟ್ಟವನನ್ನು ‘ಲಂಗ’ ಎಂದು ಹಂಗಿಸುವುದು ಅವರಿಗೆ ಹಳಸಿದ ನಗೆ.

ನಮ್ಮ ವಿದ್ಯಾರ್ಥಿ ಅಂದು ನಿರಿಗೆಗಳನ್ನು ಮುಂದೆ ಮಾಡಿ ಉಟ್ಟಿದ್ದ. ಮರುದಿನ ವಿಭಾಗಕ್ಕೆ ಬಂದಾಗ ಹೇಳಿದೆ. ಈ ಸಲದ ಸಮ್ಮೇಳನಕ್ಕೆ ಅದನ್ನೇ ಸರಿಯಾಗಿ ಉಟ್ಟು, ಕಲ್ಲೋಡನ್ ಕುರಿತು ಐದು ನಿಮಿಷ ಮಾತನಾಡಲು ಹೆಸರು ಕೊಟ್ಟಿದ್ದಾನೆ.