ಸಣ್ಣ ಕಾರಿನ ಆಮ್ಲಜನಕ ಸಂವೇದಕ

ಹೈದರಾಬಾದು ನಗರದಲ್ಲಿ ಹೊಗೆಯ ಮಿತಿಯನ್ನು ಬಿಗಿಗೊಳಿಸುವ ಭಾರತ್ ಸ್ಟೇಜ್ 4 ನಿಯಮವು 2010ರಲ್ಲಿಯೂ, ಸ್ಟೇಜ್ 6 ನಿಯಮವು ದೇಶಕ್ಕೆಲ್ಲ ಅನ್ವಯವಾಗಿ 2020ರ ಏಪ್ರಿಲ್ 1ರಂದೂ ಜಾರಿಗೆ ಬಂದವು. ಪೆಟ್ರೋಲು ಕಾರು ಈ ಮಿತಿಯೊಳಗೆ ನಿಲ್ಲಲು ನೆರವಾಗುವುದು ಹೊಗೆನಳಿಗೆಯಲ್ಲಿ ನೆಟ್ಟಿರುವ ಆಮ್ಲಜನಕ ಸಂವೇದಕ, ಅಂದರೆ ಆಕ್ಸಿಜನ್ ಸೆನ್ಸರ್.

ಇದರ ಜೀವಾಳ ಜಿರ್ಕೋನಿಯಾ ಎಂಬ ಪಿಂಗಾಣಿ. 1971ರಲ್ಲಿ ಈ ನಗರದಲ್ಲಿ ಸ್ಥಾಪಿತವಾದ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್ ರಿಯಾಕ್ಟರುಗಳಿಗಾಗಿ ಸಂಸ್ಕರಿಸುವ ಜಿರ್ಕೋನಿಯಮ್ ಧಾತುವಿನ ಆಕ್ಸೈಡೇ ಅದು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ, ಹೊರಗಾಳಿಯ ಮತ್ತು ಹೊಗೆಯ ಆಮ್ಲಜನಕಗಳ ಅಂತರಕ್ಕೆ ತಕ್ಕಂತೆ ಅದು ವಿದ್ಯುತ್ತನ್ನು ಹುಟ್ಟಿಸುತ್ತದೆ. ಸಾಮಾನ್ಯ ಬಗೆಯ ಸಂವೇದಕದಲ್ಲಿ, ಪೆಟ್ರೋಲು ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1 ವೋಲ್ಟ್. ಇದನ್ನರಿತು ಕಾರಿನ ಕಂಪ್ಯೂಟರು ಪೆಟ್ರೋಲಿನ ಪ್ರಮಾಣವನ್ನು ತಿದ್ದುತ್ತದೆ. ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಆಚೆಗಿರುವ ಎರಡನೆಯ ಸಂವೇದಕವು ಆ ಕನ್ವರ್ಟರಿನ ಕೆಲಸವನ್ನು ಕಾಯುತ್ತದೆ.

ಎಂಜಿನ್ ದೀಪ ಹೊತ್ತಿದೊಡನೆ ಸಂವೇದಕವನ್ನೇ ಬದಲಿಸುವುದು ವಿವೇಕವಲ್ಲ. ಅನೇಕ ವೇಳೆ ಅದು ಸಾಕ್ಷಿಯೇ ಹೊರತು ಅಪರಾಧಿಯಲ್ಲ. ಮೊದಲನೆಯ ಸಂವೇದಕಕ್ಕೆ ಮುನ್ನ ನಳಿಗೆ ಬಿರುಕುಬಿಟ್ಟಿದ್ದರೆ, ಹೊರಗಾಳಿ ಒಳನುಗ್ಗಿ ಪೆಟ್ರೋಲು ಸಾಲದೆಂಬ ಸುಳ್ಳು ಸೂಚನೆ ಹೋಗುತ್ತದೆ. ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತದೆ. ಕಾಲಕ್ರಮದಲ್ಲಿ ಬೆಲೆಬಾಳುವ ಕನ್ವರ್ಟರೂ ಕೆಡಬಹುದು. ಆದುದರಿಂದ ಮೊದಲು ದೋಷಸಂಕೇತವನ್ನು ಓದಿಸಿ, ಸೋರಿಕೆ, ತಂತಿ, ಸ್ಪಾರ್ಕ್ ಪ್ಲಗ್ಗುಗಳನ್ನು ಪರೀಕ್ಷಿಸಬೇಕು. ಎಂಜಿನ್ ಆಯಿಲು ಉರಿಯುತ್ತಿದ್ದರೆ ಹೊಸ ಸಂವೇದಕವೂ ಬಾಳದು. ಸಾಮಾನ್ಯ ಸಿಲಿಕೋನ್ ಅಂಟಿನ ಆವಿಯೂ ಅದಕ್ಕೆ ವಿಷ.

ದೀಪವನ್ನು ಲೆಕ್ಕಿಸದೆ ಓಡಿಸಿದ ಕಾರು ಒಡೆಯನ ಹಣದೊಡನೆ ನೆರೆಯವರ ಉಸಿರನ್ನೂ ವ್ಯಯಮಾಡುತ್ತದೆ.